ಹುರುಳಿ ಬಿಟ್ಟು ಡಬ್ಬ ಹಿಡಿದವರಿಗೆ

ಘಟ್ಟದ ಯಾವ ಊರಿನ ಅಂಗಡಿಯ ಮುಂದೆ ನಿಂತರೂ ಈಗ ಒಂದೇ ನೋಟ. ಬಾಗಿಲಿಗೆ ತೋರಣ ಕಟ್ಟಿದಂತೆ ಬಣ್ಣಬಣ್ಣದ ಪೊಟ್ಟಣಗಳ ಮಾಲೆ. ಒಳಗಿನ ಕಪಾಟಿನಲ್ಲಿ ‘ಪ್ರೋಟೀನ್’ ಎಂದು ದಪ್ಪಕ್ಷರದಲ್ಲಿ ಬರೆದುಕೊಂಡ ಡಬ್ಬಗಳು. ಮಕ್ಕಳು ಬೆಳೆಯಬೇಕಾದರೆ ಇವೇ ಗತಿ ಎಂಬ ನಂಬಿಕೆ ಶಿರಸಿಯಿಂದ ಕೊಪ್ಪದವರೆಗೂ ಬೇರೂರುತ್ತಿದೆ. ಇದು ನಮ್ಮ ಜೇಬು, ಮೈ, ಮಣ್ಣು ಮೂರಕ್ಕೂ ಏಕಕಾಲದಲ್ಲಿ ಕನ್ನ ಕೊರೆಯುವ ನಂಬಿಕೆ.

ಮೊದಲು ಲೆಕ್ಕ ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನವೊಂದಕ್ಕೆ 0.83 ಗ್ರಾಂ ಸಸಾರಜನಕ ಸಾಕು. 55 ಕಿಲೋ ತೂಗುವವರಿಗೆ ಸುಮಾರು 46 ಗ್ರಾಂ ಆಯಿತು. 100 ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಇದೆ. ಹೆಸರು, ಅಲಸಂದೆ, ಹುರಿಗಡಲೆಗಳಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಶೇಂಗಾದಲ್ಲಿ ತುಸು ಹೆಚ್ಚು. ಸಾಮಾನ್ಯ ಬಿಸ್ಕತ್ತಿನಲ್ಲಿ ಇರುವುದು 7 ಗ್ರಾಂನಷ್ಟು; ಜೊತೆಗೆ ಅದರ ಮೂರು ಪಟ್ಟು ಸಕ್ಕರೆ! 30 ಗ್ರಾಂ ಹುರಿಗಡಲೆ ಜೇಬಿನಲ್ಲಿಟ್ಟುಕೊಂಡು ಶಾಲೆಗೆ ಹೊರಟ ಮಗು ಒಂದು ಮೊಟ್ಟೆಯಲ್ಲಿರುವಷ್ಟು ಸಸಾರಜನಕವನ್ನು ಒಯ್ಯುತ್ತದೆ. ಅದಕ್ಕೆ ಜಾಹೀರಾತೂ ಬೇಡ, ಡಬ್ಬವೂ ಬೇಡ.

ಇದು ಹಳ್ಳಿಗರ ಹಟವೆಂದು ಯಾರೂ ತಳ್ಳಿಹಾಕದಿರಲಿ. ಮೈ ಬೆಳೆಸಲು ಪ್ರೋಟೀನ್ ಪುಡಿಗಳನ್ನು ಸೇವಿಸಬೇಡಿರೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೇ 2024ರ ತನ್ನ ಆಹಾರ ಮಾರ್ಗಸೂಚಿಯಲ್ಲಿ ಹೇಳಿದೆ. ಸಿಹಿ ಬೆರೆಸಿದ ಪಾನೀಯಗಳನ್ನು ‘ಆರೋಗ್ಯ ಪೇಯ’ವೆಂಬ ವರ್ಗದಲ್ಲಿಟ್ಟು ಮಾರಬಾರದೆಂದು ಅದೇ ವರ್ಷದ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವು ಆನ್‌ಲೈನ್ ಮಾರಾಟಗಾರರಿಗೆ ಸೂಚಿಸಿತು. ನಮ್ಮೂರ ಕಪಾಟಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಕಾಳಿನ ಸಸಾರಜನಕ ಅಪೂರ್ಣವೆಂಬ ಆಕ್ಷೇಪವನ್ನು ಓದಿದವರೇ ಎತ್ತುತ್ತಾರೆ. ಬೇಳೆಕಾಳುಗಳಲ್ಲಿ ಮಿಥಿಯೋನಿನ್ ಕಡಿಮೆ, ನಿಜ. ಅಕ್ಕಿಯಲ್ಲಿ ಲೈಸಿನ್ ಕಡಿಮೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಬೆಳಿಗ್ಗೆ ಗಂಜಿಯುಂಡು ಸಂಜೆ ಉಸಲಿ ತಿಂದವರಿಗೆ ಪ್ರಯೋಗಾಲಯದ ಹಂಗಿಲ್ಲ. ವಾಯುವಾಗುತ್ತದೆ ಎನ್ನುವವರು ಕಾಳನ್ನು ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಮೆತ್ತಗೆ ಬೇಯಿಸಲಿ.

ಹಾಗೆಂದು ನಮ್ಮದೆಲ್ಲವೂ ಶ್ರೇಷ್ಠವೆಂಬ ಭ್ರಮೆಯೂ ಬೇಡ. ಪರಿಸರಪ್ರಿಯರಾದ ನಮ್ಮಲ್ಲಿ ಈ ಚಟ ತುಸು ಹೆಚ್ಚು. ಸುಟ್ಟ ಹಲಸಿನ ಬೀಜ ರುಚಿಕರ, ಹೊಟ್ಟೆ ತುಂಬಿಸುವಂಥದು. ಆದರೆ ಅದರಲ್ಲಿಯೂ ಅವಲಕ್ಕಿಯಲ್ಲಿಯೂ ಸಸಾರಜನಕ ನೂರಕ್ಕೆ ಏಳರ ಆಸುಪಾಸು. ಬಾಳೆಕಾಯಿ ಚಿಪ್ಸಿನಲ್ಲಿ ಹುಡುಕುವುದೇ ವ್ಯರ್ಥ. ಸ್ಥಳೀಯವೆಂಬ ಒಂದೇ ಕಾರಣಕ್ಕೆ ಸುಳ್ಳು ಹೇಳಿದರೆ ಕಂಪನಿಗೂ ನಮಗೂ ವ್ಯತ್ಯಾಸವೇನು?

ಇನ್ನು ಮಣ್ಣಿನ ಮಾತು. ‘ಸಸಾರಜನಕ’ ಎಂಬ ಪದವನ್ನೇ ಬಿಡಿಸಿ ನೋಡಿ: ಸಾರಜನಕದಿಂದ ಕೂಡಿದ್ದು ಎಂದರ್ಥ. ಪ್ರೋಟೀನಿನ ತೂಕದಲ್ಲಿ ಸುಮಾರು ಶೇ. 16ರಷ್ಟು ಸಾರಜನಕವೇ. ದ್ವಿದಳ ಸಸ್ಯಗಳು ತಮ್ಮ ಬೇರುಗಂಟುಗಳಲ್ಲಿ ರೈಜೋಬಿಯಂ ಜೀವಾಣುಗಳಿಗೆ ಆಶ್ರಯವಿತ್ತು, ಅವುಗಳ ಮೂಲಕ ಗಾಳಿಯ ಸಾರಜನಕವನ್ನು ಹಿಡಿದುಕೊಳ್ಳುತ್ತವೆ. ಅದರ ಒಂದು ಪಾಲು ಕಾಳಾಗಿ ನಮ್ಮ ತಟ್ಟೆ ಸೇರುತ್ತದೆ. ಉಳಿದ ಪಾಲು ಬೇರು, ಸೊಪ್ಪುಗಳ ಮೂಲಕ ಮಣ್ಣಿಗೆ ಹೋಗುತ್ತದೆ. ಭತ್ತ ಕೊಯ್ದ ಗದ್ದೆಯ ಉಳಿತೇವದಲ್ಲಿ ಉದ್ದು, ಹೆಸರು, ಹುರುಳಿ, ಅಲಸಂದೆಗಳನ್ನು ಬಿತ್ತುತ್ತಿದ್ದ ಹಿರಿಯರಿಗೆ ರೈಜೋಬಿಯಂ ಹೆಸರು ತಿಳಿದಿರಲಿಲ್ಲ. ಮುಂದಿನ ಪೈರು ಕಪ್ಪುಹಸಿರಾಗಿ ಏಳುತ್ತದೆಂಬುದು ತಿಳಿದಿತ್ತು. ನಾವು ಆ ಎರಡನೇ ಬೆಳೆಯನ್ನು ಕೈಬಿಟ್ಟು, ಗದ್ದೆಗೆ ಯೂರಿಯಾ ಚೀಲವನ್ನೂ ಮಗುವಿಗೆ ಪ್ರೋಟೀನ್ ಡಬ್ಬವನ್ನೂ ಹೊತ್ತು ತರುತ್ತಿದ್ದೇವೆ. ಗಾಳಿಯಿಂದ ಪುಕ್ಕಟೆಯಾಗಿ ಸಿಗುತ್ತಿದ್ದ ಒಂದೇ ವಸ್ತುವಿಗೆ ಎರಡು ಅಂಗಡಿಗಳಲ್ಲಿ ಹಣ ತೆರುವ ಜಾಣತನ ನಮ್ಮದು!

ಕೈಬಿಟ್ಟುದಕ್ಕೆ ಕಾರಣಗಳಿಲ್ಲವೆಂದಲ್ಲ. ಗದ್ದೆ ಅಡಿಕೆ ತೋಟವಾಯಿತು. ಉಳಿದ ಗದ್ದೆಗೆ ಕೊಯ್ಲಿನ ಮರುದಿನವೇ ಬಿಡಾಡಿ ದನ ನುಗ್ಗುತ್ತದೆ. ಮಂಗ, ಹಂದಿ, ನವಿಲುಗಳು ಬೇರೆ. ಒಬ್ಬನೇ ಬಿತ್ತಿದರೆ ಊರಿನ ಪ್ರಾಣಿಗಳೆಲ್ಲ ಅವನಲ್ಲಿಗೇ ಬರುತ್ತವೆ. ಆದ್ದರಿಂದ ಇದು ಒಂಟಿ ರೈತನ ಕೆಲಸವಲ್ಲ. ಒಂದು ಬಯಲಿನವರೆಲ್ಲ ಒಂದೇ ವಾರದಲ್ಲಿ ಬಿತ್ತಬೇಕು. ದನ ಕಟ್ಟುವ, ಕಾವಲು ಕಾಯುವ ಕಟ್ಟುಪಾಡನ್ನು ಊರೇ ಮಾಡಿಕೊಳ್ಳಬೇಕು. ಬೇಲಿಗೆ ಪಂಚಾಯಿತಿಯ ನೆರವನ್ನು ಗ್ರಾಮಸಭೆಯಲ್ಲಿ ಕೇಳಬೇಕು. ತೋಟ ಮಾತ್ರ ಉಳ್ಳವರು ಅಂಗಳದ ಬದಿಯಲ್ಲಿ ಅಲಸಂದೆ ಹಬ್ಬಿಸಲಿ. ಉಳಿದ ಕಾಳನ್ನು ನೆರೆಯ ರೈತನಿಂದಲೇ ಕೊಳ್ಳಲಿ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಹಾಸ್ಟೆಲಿನ ಸಂಜೆಯ ತಿಂಡಿ ಏನೆಂದು ಕೇಳಿ. ಬೇಕರಿಯ ಬನ್ನಿನ ಬದಲು ಹುರುಳಿ ಉಸಲಿ, ಬೇಯಿಸಿದ ಶೇಂಗಾ, ಹಬೆಯಾಡಿಸಿದ ಹೆಸರಿನ ಮೊಳಕೆ, ಎಳ್ಳುಂಡೆ ಬರಲೆಂದು ಬರೆದುಕೊಡಿ. ಎತ್ತಿಗೆ ಬೇಯಿಸಿ ಹಾಕುತ್ತಿದ್ದ ಹುರುಳಿಯನ್ನು ತಿನ್ನಲು ನಾಚಿಕೆಯೆನ್ನುವ ಗೆಳೆಯನಿಗೆ, ದಿನವಿಡೀ ನೇಗಿಲೆಳೆದ ಆ ಎತ್ತಿನ ಬಲ ಎಲ್ಲಿಂದ ಬಂತೆಂದು ಕೇಳಿ. ನವರಾತ್ರಿಯ ಉಸಲಿ, ರಾಮನವಮಿಯ ಕೋಸಂಬರಿ, ಸಂಕ್ರಾಂತಿಯ ಎಳ್ಳು ವರ್ಷಕ್ಕೊಮ್ಮೆ ಕೈಯೊಡ್ಡಿ ಪಡೆಯುವ ಪ್ರಸಾದವಾಗಿಯೇ ಏಕೆ ಉಳಿಯಬೇಕು?

ತಿಂದೆಸೆದ ಪೊಟ್ಟಣ ಮಳೆಗಾಲದ ಮೊದಲ ಹೊಳೆಯಲ್ಲಿ ತೇಲಿ ಶರಾವತಿಗೋ ತುಂಗೆಗೋ ಸೇರುತ್ತದೆ. ತಿಂದುಳಿದ ಶೇಂಗಾ ಸಿಪ್ಪೆ ಗೊಬ್ಬರಗುಂಡಿ ಸೇರುತ್ತದೆ. ಈ ಸಲ ಭತ್ತದ ಕೊಯ್ಲಿಗೆ ಮೊದಲೇ ಬೀಜದ ಹುರುಳಿ ಯಾರ ಮನೆಯ ಪಣತದಲ್ಲಿ ಉಳಿದಿದೆಯೆಂದು ವಿಚಾರಿಸಿಟ್ಟುಕೊಳ್ಳಿ. ಮಣ್ಣಿನ ತೇವ ಹೆಚ್ಚು ದಿನ ಕಾಯುವುದಿಲ್ಲ.