ವಯಸ್ಸು ಕೇಳಬೇಡಿ, ಬ್ರೇಕ್ ನೋಡಿ

ಇಪ್ಪತ್ತು ವರ್ಷ ದಾಟಿದ ಕಾರಿನ ನೋಂದಣಿ ನವೀಕರಿಸಲು 10,000 ರೂಪಾಯಿ ಶುಲ್ಕ. ಬೈಕಿಗೆ 2,000, ವಿದೇಶದಿಂದ ತರಿಸಿದ ಕಾರಿಗೆ 80,000. ಕೇಂದ್ರ ಸಾರಿಗೆ ಸಚಿವಾಲಯ 2025ರ ಆಗಸ್ಟ್‌ನಲ್ಲಿ ನಿಗದಿ ಮಾಡಿದ ದರಗಳಿವು. 2022ರ ಏಪ್ರಿಲ್‌ಗೆ ಮೊದಲು ಸಾಮಾನ್ಯ ಕಾರಿಗೆ ಇದೇ ಕೆಲಸ 600 ರೂಪಾಯಿಯಲ್ಲಿ ಮುಗಿಯುತ್ತಿತ್ತು. ಕರ್ನಾಟಕದಲ್ಲಿ ಇದರ ಜೊತೆಗೆ ರಾಜ್ಯದ ಹಸಿರು ತೆರಿಗೆ ಬೇರೆ. ಇಷ್ಟು ಹಣ ಕಟ್ಟಿಸಿಕೊಳ್ಳುವ ಸರ್ಕಾರ ಕಾರಿನಲ್ಲಿ ನೋಡುವುದಾದರೂ ಏನನ್ನು?

ಆರ್‌ಟಿಒ ಅಂಗಳದಲ್ಲಿ ನಿಂತವರಿಗೆಲ್ಲ ಗೊತ್ತಿರುವ ದೃಶ್ಯ: ಬಾನೆಟ್ ಎತ್ತುತ್ತಾರೆ, ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದ ಅಚ್ಚನ್ನು ಅರ್ಜಿಗೆ ಅಂಟಿಸುತ್ತಾರೆ. ಇಂಡಿಕೇಟರ್ ಹಾಕಿ ಅನ್ನುತ್ತಾರೆ, ಹಾರ್ನ್ ಹೊಡೆಸುತ್ತಾರೆ, ವಿಮೆ ಮತ್ತು ಎಮಿಷನ್ ಚೀಟಿ ನೋಡುತ್ತಾರೆ. ಅಲ್ಲಿಗೆ ಕಾರು ಇನ್ನೈದು ವರ್ಷಕ್ಕೆ ಪಾಸು. ಚಾಸಿಯ ಕೆಳಗೆ ತುಕ್ಕು ಎಷ್ಟು ತಿಂದಿದೆ, ಬ್ರೇಕ್ ಪೈಪಿನಲ್ಲಿ ಎಣ್ಣೆ ಒಸರುತ್ತಿದೆಯೇ ಎಂದು ಯಾರೂ ಬಗ್ಗಿ ನೋಡುವುದಿಲ್ಲ.

ಬೆಂಗಳೂರಿನ ಹಲಸೂರಿನ ಗಲ್ಲಿಗಳಲ್ಲಿ ಅಂಬಾಸಿಡರ್, ಪದ್ಮಿನಿಗಳ ಮೇಲೆ ಕೈ ಪಳಗಿಸಿಕೊಂಡ ಮೆಕ್ಯಾನಿಕ್‌ಗಳು ಇನ್ನೂ ಇದ್ದಾರೆ. ಅವರು ಮೊದಲು ಜಾಕ್ ಕೊಟ್ಟು ಮುಂದಿನ ಚಕ್ರ ಎತ್ತುತ್ತಾರೆ. ಟೈರಿನ ಮೇಲೊಂದು ಕೆಳಗೊಂದು ಕೈ ಹಿಡಿದು ಅಲ್ಲಾಡಿಸುತ್ತಾರೆ. ಟಕ್ ಅಂತ ಸದ್ದು ಬಂದರೆ, ‘ಪ್ಲೇ ಬಂದಿದೆ ಸಾರ್, ಹಿಂಗೇ ಓಡಿಸಬೇಡಿ’ ಅನ್ನುತ್ತಾರೆ. ಆ ಒಂದು ನಿಮಿಷದಲ್ಲಿ ನಡೆಯುವಷ್ಟು ತಪಾಸಣೆಯೂ ಹತ್ತು ಸಾವಿರಕ್ಕೆ ಸಿಗುವುದಿಲ್ಲ.

ಇದಕ್ಕಿಂತ ದೊಡ್ಡ ಎಡವಟ್ಟು ಕಾನೂನಿನಲ್ಲೇ ಇದೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಖಾಸಗಿ ಕಾರಿನ ನೋಂದಣಿಗೆ 15 ವರ್ಷ ಆಯಸ್ಸು. ಆ ಹದಿನೈದು ವರ್ಷ ಅದರ ಬ್ರೇಕು, ಸ್ಟೀರಿಂಗ್ ಹೇಗಿದೆ ಎಂದು ಸರ್ಕಾರ ಒಮ್ಮೆಯೂ ಕೇಳುವುದಿಲ್ಲ. ಶಿವಾಜಿನಗರದ ಆಟೊ ಚಾಲಕನ ಕಥೆ ಬೇರೆ. ಅವನು ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷವರ್ಷವೂ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕು. ಅವನ ಪಕ್ಕದಲ್ಲೇ, ಟಿನ್ ಫ್ಯಾಕ್ಟರಿ ಬಳಿಯ ರಸ್ತೆ ಗುಂಡಿಗಳಲ್ಲಿ ಹದಿನಾಲ್ಕು ವರ್ಷ ಎದ್ದು ಬಿದ್ದ ಎಸ್‌ಯುವಿ ಯಾರ ಕಣ್ಣಿಗೂ ಬೀಳದೆ ಓಡಾಡುತ್ತದೆ. ಹಾಗಿರುವಾಗ ಕುಕ್ ಟೌನಿನ ನಿವೃತ್ತರೊಬ್ಬರು ಭಾನುವಾರ ಮಾತ್ರ ಹೊರಗೆ ತೆಗೆಯುವ ಮಾರುತಿ 800 ಹೇಗೆ ಅಪಾಯದ ವಾಹನವಾಯಿತು? ಆ ಕಾರು ಮಾರಿದರೆ ಸಿಗುವ ಹಣಕ್ಕೂ ಈ ಶುಲ್ಕಕ್ಕೂ ಹೆಚ್ಚು ಅಂತರವಿಲ್ಲ. ಕಾರನ್ನು ಗುಜರಿಗೆ ತಳ್ಳುವುದೇ ಉದ್ದೇಶ ಎಂದಾದರೆ ಅದನ್ನು ನೇರವಾಗಿ ಹೇಳಲಿ. 2021ರಲ್ಲಿ ಗುಜರಿ ನೀತಿ ತಂದಾಗ ಅದು ಸ್ವಯಂಪ್ರೇರಿತ ಎಂದು ಹೆಸರಿಟ್ಟವರು ಇವರೇ.

ಹಳೆಯ ಕಾರು ಹೆಚ್ಚು ಹೊಗೆ ಉಗುಳುತ್ತದೆ ಎಂಬುದು ನಿಜ. ಕಾರ್ಬುರೇಟರ್ ಕಾಲದ ಎಂಜಿನ್ನು ಬಿಎಸ್-6 ಎಂಜಿನ್ನಿಗೆ ಸಮನಾಗದು. ಆದರೆ ಹೊಗೆ ಅಳೆಯಲು ಪೆಟ್ರೋಲ್ ಬಂಕುಗಳಲ್ಲೇ ಯಂತ್ರಗಳಿವೆ. ಅವುಗಳಿಂದ ಚೀಟಿ ಪ್ರಾಮಾಣಿಕವಾಗಿ ಬರುವಂತೆ ನೋಡಿಕೊಳ್ಳುವುದು ಸರ್ಕಾರದ ಕೆಲಸ. ವಯಸ್ಸನ್ನೇ ಅಪರಾಧ ಮಾಡಿದರೆ ಏನಾಗುತ್ತದೆ ಎಂದು ದೆಹಲಿ ತೋರಿಸಿಕೊಟ್ಟಿದೆ. 2025ರ ಜುಲೈನಲ್ಲಿ ಅಲ್ಲಿ ಹಳೆಯ ವಾಹನಗಳಿಗೆ ಇಂಧನವನ್ನೇ ಹಾಕಬಾರದೆಂದು ಹೊರಟು, ಕೆಲವೇ ದಿನಗಳಲ್ಲಿ ಹಿಂದೆ ಸರಿದರು. ಇನ್ನೊಂದು ತಮಾಷೆ ನೋಡಿ: ಬಂಕಿನಲ್ಲಿ ಈಗ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲು. ಹಳೆಯ ಕೆಲವು ವಾಹನಗಳಲ್ಲಿ ರಬ್ಬರ್ ಭಾಗಗಳನ್ನು ಬದಲಿಸಬೇಕಾಗಬಹುದು ಎಂದು ಪೆಟ್ರೋಲಿಯಂ ಸಚಿವಾಲಯವೇ ಒಪ್ಪಿಕೊಂಡಿದೆ. ಆ ಖರ್ಚೂ ಮಾಲೀಕನದೇ.

ಹಾಗೆಂದು ಹಳೆಯ ಕಾರುಗಳ ಸಂಗ್ರಾಹಕರ ವಾದಕ್ಕೂ ನನ್ನ ಪೂರ್ತಿ ಒಪ್ಪಿಗೆ ಇಲ್ಲ. 2021ರ ಜುಲೈನ ನಿಯಮದಂತೆ ಐವತ್ತು ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಕಾರಿಗೆ ‘ವಿಎ’ ಸರಣಿಯ ವಿಂಟೇಜ್ ನೋಂದಣಿ ಸಿಗುತ್ತದೆ. ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಆಮೇಲೆ ಆ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಷ್ಟೇ. 1984ರ ಮಾರುತಿ ಈ ಮರ್ಯಾದೆಗೆ 2034ರವರೆಗೆ ಕಾಯಬೇಕು. ಇಪ್ಪತ್ತಕ್ಕೂ ಐವತ್ತಕ್ಕೂ ನಡುವಿನ ಕಾರು ಅತ್ತ ಪರಂಪರೆಯೂ ಅಲ್ಲ, ಇತ್ತ ಸಾಮಾನ್ಯ ವಾಹನವೂ ಅಲ್ಲ. ಈ ದೂರು ನ್ಯಾಯವಾದದ್ದೇ. ಆದರೆ ಕ್ಲಾಸಿಕ್ ಕಾರುಗಳನ್ನು ತಪಾಸಣೆಯಿಂದಲೇ ಬಿಟ್ಟುಬಿಡಿ ಎಂದು ಕೆಲವರು ಕೇಳುತ್ತಾರೆ. ಬ್ರಿಟನ್ 2018ರ ಮೇ ತಿಂಗಳಿಂದ ನಲವತ್ತು ವರ್ಷ ದಾಟಿದ, ಹೆಚ್ಚು ಬದಲಾವಣೆ ಮಾಡದ ಕಾರುಗಳಿಗೆ ವಾರ್ಷಿಕ ತಪಾಸಣೆಯಿಂದ ವಿನಾಯಿತಿ ಕೊಟ್ಟಿದೆ. ಅದು ನಮಗೆ ಬೇಡ. ಡ್ರಮ್ ಬ್ರೇಕಿನ, ಸೀಟ್ ಬೆಲ್ಟೇ ಇಲ್ಲದ ಕಾರು ಹಳೇ ಮದ್ರಾಸ್ ರಸ್ತೆಗೆ ಇಳಿಯುವುದಾದರೆ ಅದನ್ನು ಯಾರಾದರೂ ನೋಡಲೇಬೇಕು. ಜರ್ಮನಿ ಮೂವತ್ತು ವರ್ಷಕ್ಕೇ ಪಾರಂಪರಿಕ ನಂಬರ್ ಪ್ಲೇಟ್ ಕೊಡುತ್ತದೆ, ಎರಡು ವರ್ಷಕ್ಕೊಮ್ಮೆ ತಪಾಸಣೆಯನ್ನೂ ಮಾಡಿಸುತ್ತದೆ. ಮರ್ಯಾದೆಯೂ ಉಂಟು, ಜವಾಬ್ದಾರಿಯೂ ಉಂಟು. ನಕಲು ಮಾಡುವುದಾದರೆ ಇದನ್ನು ಮಾಡಿ.

ಸ್ವಯಂಚಾಲಿತ ತಪಾಸಣಾ ಕೇಂದ್ರಗಳ ನಿಯಮ 2021ರಲ್ಲೇ ಬಂದಿದೆ. ಚಕ್ರಗಳನ್ನು ರೋಲರ್ ಮೇಲೆ ನಿಲ್ಲಿಸಿ ಬ್ರೇಕಿನ ಬಲ ಅಳೆಯುವ, ಹೆಡ್‌ಲೈಟಿನ ದಿಕ್ಕು ನೋಡುವ, ಸಸ್ಪೆನ್ಷನ್ ಪರೀಕ್ಷಿಸುವ ಯಂತ್ರಗಳಿಗೆ ಕಾರಿನ ವಯಸ್ಸು ಬೇಕಿಲ್ಲ, ಮಾಲೀಕನ ಮುಖವೂ ಬೇಕಿಲ್ಲ. ನಗರದ ಪೂರ್ವ ಭಾಗದವರಿಗೆ ಇಂಥ ಸಾಲುಗಳು ಕಸ್ತೂರಿನಗರದಲ್ಲೋ ಕೆ.ಆರ್. ಪುರದಲ್ಲೋ ಕೈಗೆಟಕುವಂತಿರಲಿ. ಐದನೇ ವರ್ಷದಿಂದಲೇ ಎಲ್ಲ ಖಾಸಗಿ ಕಾರುಗಳಿಗೂ ಎರಡು ವರ್ಷಕ್ಕೊಮ್ಮೆ ತಪಾಸಣೆ ಕಡ್ಡಾಯವಾಗಲಿ, ಎಲ್ಲಕ್ಕೂ ಒಂದೇ ಶುಲ್ಕ ಇರಲಿ. ಪಾಸಾಗದಿದ್ದರೆ ಐದು ವರ್ಷದ ಕಾರೂ ರಸ್ತೆಗೆ ಇಳಿಯಬಾರದು. ಪಾಸಾದರೆ ನಲವತ್ತರ ಪದ್ಮಿನಿಯನ್ನು ಯಾರೂ ತಡೆಯಬಾರದು. ಕೇಂದ್ರ 2025ರ ಆಗಸ್ಟ್‌ನ ಶುಲ್ಕ ಹೆಚ್ಚಳವನ್ನು ವಾಪಸ್ ಪಡೆಯಲಿ. ಅದಕ್ಕಾಗಿ ದೆಹಲಿಗೆ ಪತ್ರ ಬರೆಯುವುದು ರಾಜ್ಯ ಸಾರಿಗೆ ಇಲಾಖೆಗೆ ಕಷ್ಟದ ಕೆಲಸವಲ್ಲ.