ನಮ್ಮ ಹೆಸರು ‘ಮತ್ತು ವೃಂದ’ ಅಲ್ಲ

(1/7)
ಕಛೇರಿ ಪೋಸ್ಟರ್ ನೋಡಿರ್ತೀರಲ್ಲ? ಅರ್ಧ ಪೋಸ್ಟರ್ ತುಂಬ ಗಾಯಕರ ಫೋಟೊ. ಕೆಳಗೆ ಸಾಲಾಗಿ ಪ್ರಾಯೋಜಕರ ಲೋಗೊ. ಇವೆರಡರ ಮಧ್ಯೆ ಎಲ್ಲೋ ಸಣ್ಣಕ್ಷರದಲ್ಲಿ ‘ಮತ್ತು ವೃಂದ’. ಆ ವೃಂದದಲ್ಲಿ ವಯೊಲಿನ್ ಹಿಡ್ಕೊಂಡು ಕೂತಿರೋಳು ನಾನು. ಲೋಗೊಗೆ ಇರೋ ಜಾಗ ನನ್ನ ಹೆಸರಿಗಿಲ್ಲ.
ಈ ಸರಣಿ ಸ್ವಲ್ಪ ಉದ್ದ. ಕ್ಲಾಸ್ ಮಧ್ಯೆ ಸ್ಕ್ರಾಲ್ ಮಾಡಿ ಬಿಡಬೇಡಿ, ಬಸ್ಸಲ್ಲಿ ಕೂತಾಗ ಓದಿ. ಹೇಳೋಕಿರೋದು ಒಂದೇ: ಪಕ್ಕವಾದ್ಯ ಅಂದ್ರೆ ಪಕ್ಕದಲ್ಲಿ ಕೂತು ನುಡಿಸೋ ವಾದ್ಯ. ಪಕ್ಕಕ್ಕೆ ತಳ್ಳೋ ವಾದ್ಯ ಅಲ್ಲ.

(2/7)
‘ಲಕ್ಕಿ ಕಣೇ ನೀನು, ಊರೂರು ಸುತ್ತುತೀಯ.’ ವಾರಕ್ಕೊಂದು ಸಲ ಈ ಮೆಸೇಜ್ ಬರುತ್ತೆ. ಸರಿ, ಸುತ್ತಾಟದ ಲೆಕ್ಕ ಕೇಳಿ.
ಶಿವಮೊಗ್ಗದಲ್ಲಿ ಸಂಜೆ ಎರಡೂವರೆ ಗಂಟೆ ಕಛೇರಿ. ಬೆಂಗಳೂರಿಂದ ಸುಮಾರು 300 ಕಿಲೋಮೀಟರ್. ಬೆಳಿಗ್ಗೆ ಹೊರಟು, ಕಛೇರಿ ಮುಗಿಸಿ, ರಾತ್ರಿ ಬಸ್ ಹತ್ತಿ, ಮಾರನೇ ದಿನ ಬೆಳಗಿನ ಜಾವ ಮನೆ. ಸುಮಾರು 20 ಗಂಟೆ ಹೋಯ್ತು. ಊರಲ್ಲಿ ನೋಡಿದ್ದು ಬಸ್ ಸ್ಟ್ಯಾಂಡು, ಸಭಾಂಗಣ, ಒಂದು ಹೋಟೆಲ್ ಇಡ್ಲಿ.
ವಿಮಾನ ಅಂದ್ರೆ ಇನ್ನೂ ತಮಾಷೆ. ದೊಡ್ಡವರ ಅಳತೆಯ ವಯೊಲಿನ್ ಉದ್ದ ಸುಮಾರು 60 ಸೆಂಟಿಮೀಟರ್, ಕೇಸ್ ಸೇರಿದ್ರೆ 80ರ ಹತ್ತಿರ. ಕ್ಯಾಬಿನ್ ಬ್ಯಾಗ್ ನಿಯಮ ಸಾಮಾನ್ಯವಾಗಿ 55. ಅಂದ್ರೆ ಪ್ರತಿ ಸಲ ಗೇಟಲ್ಲಿ ನಿಂತಿರೋರ ಮೂಡ್ ಮೇಲೆ ನನ್ನ ಕಛೇರಿ ನಿಂತಿರುತ್ತೆ. ‘ಚೆಕ್-ಇನ್ ಮಾಡಿ ಮೇಡಂ’ ಅಂತಾರೆ. ಒಳಗೆ ಸೌಂಡ್‌ಪೋಸ್ಟ್ ಅಂತ ಪುಟ್ಟ ಮರದ ಕಡ್ಡಿ ಇದೆ, ಅದಕ್ಕೆ ಅಂಟೇ ಹಾಕಿರಲ್ಲ, ಎರಡು ಹಲಗೆಗಳ ಒತ್ತಡದಲ್ಲಿ ಸುಮ್ನೆ ನಿಂತಿರುತ್ತೆ. ಲಗೇಜ್ ಎಸೆಯೋ ರಭಸಕ್ಕೆ ಅದು ಬಿದ್ರೆ ಅವತ್ತಿನ ನಾದ ಮುಗೀತು.
ರೈಲಲ್ಲಿ? ಅಪ್ಪರ್ ಬರ್ತ್, ಕೇಸ್ ಗೋಡೆ ಕಡೆ, ನಾನು ಅಂಚಿಗೆ. ಬಿದ್ರೆ ನಾನು ಬೀಳ್ಬೇಕು.

(3/7)
ಇನ್ನು ವೇದಿಕೆ. ಇದನ್ನ ನಿಧಾನಕ್ಕೆ ಓದಿ, ಬಹಳ ಜನಕ್ಕೆ ಗೊತ್ತೇ ಇಲ್ಲ.
ಕರ್ನಾಟಕ ಸಂಗೀತ ಕಛೇರಿಗೆ ಎಷ್ಟೋ ಸಲ ರಿಹರ್ಸಲ್ಲೇ ಇರಲ್ಲ. ಗಾಯಕರನ್ನ ಮೊದಲ ಸಲ ನೋಡೋದು ಗ್ರೀನ್ ರೂಮಲ್ಲಿ. ಮುಂದೆ ಸ್ವರ ಬರೆದ ಹಾಳೆ ಇಟ್ಕೊಂಡು ನುಡಿಸೋ ಪದ್ಧತಿ ನಮ್ಮಲ್ಲಿಲ್ಲ. ಇವತ್ತು ಗಾಯಕರ ಶ್ರುತಿ ಒಂದು, ನಾಳೆ ಗಾಯಕಿಯ ಶ್ರುತಿ ಐದು. ನಾಲ್ಕೂ ತಂತಿಯ ಬಿಗಿ ಬದಲಾಗ್ಬೇಕು. ಬಿರಡೆ ಜಾರುತ್ತೆ, ಎಸಿ ಹಾಲಲ್ಲಿ ಒಂಥರ, ರಾಮನವಮಿ ಪೆಂಡಾಲಿನ ಸೆಕೆಗೆ ಇನ್ನೊಂಥರ.
ಗಾಯಕರು ಆಲಾಪನೆ ಶುರು ಮಾಡ್ತಾರೆ. ಯಾವ ರಾಗ ಅಂತ ಹೇಳಲ್ಲ, ಎರಡು ಸ್ವರದಲ್ಲಿ ನಾವೇ ಹಿಡೀಬೇಕು. ಅವರ ಹಿಂದೆ ನೆರಳಿನ ಹಾಗೆ, ಕ್ಷಣದ ಒಂದು ತುಣುಕು ತಡವಾಗಿ, ಅವರು ಮುಂದೆ ಎಲ್ಲಿಗೆ ಹೋಗ್ತಾರೆ ಅಂತ ಊಹಿಸ್ತಾ ಹೋಗ್ಬೇಕು. ಜೋರಾದ್ರೆ ‘ಗಾಯಕರನ್ನ ಮುಚ್ಚಿಹಾಕಿದ್ಲು’, ಮೆಲ್ಲಗಾದ್ರೆ ‘ಏನೂ ಕೇಳಿಸ್ಲಿಲ್ಲ’. ಅವರು ನಿಲ್ಲಿಸಿದ ತಕ್ಷಣ ಅದೇ ರಾಗ ನಮ್ಮ ಕೈಗೆ. ಅವರು ಹತ್ತು ನಿಮಿಷದಲ್ಲಿ ಹೇಳಿದ್ದನ್ನ ಬರೀ ಪುನರಾವರ್ತನೆ ಮಾಡದೆ ನಾವು ನಾಲ್ಕು ನಿಮಿಷದಲ್ಲಿ ಹೇಳ್ಬೇಕು. ಕಲ್ಪನಾಸ್ವರದಲ್ಲಿ ಅವರು ಎಸೆದ ಲೆಕ್ಕಾಚಾರಕ್ಕೆ ಮುಂದಿನ ಆವರ್ತನೆಯಲ್ಲೇ ಉತ್ತರ ಕೊಡ್ಬೇಕು. ರಾಗ-ತಾನ-ಪಲ್ಲವಿ ಬಂತು ಅಂದ್ರೆ, ಆ ಪಲ್ಲವಿಯನ್ನ ನೀವು ಕೇಳೋ ಹೊತ್ತಿಗೇ ನಾವೂ ಮೊದಲ ಸಲ ಕೇಳ್ತಿರ್ತೀವಿ.
ಇದು ‘ಸೈಡ್’ ಕೆಲಸನಾ? ಸಾವಿರ ಜನರ ಮುಂದೆ ಪ್ರಶ್ನೆಪತ್ರಿಕೆ ನೋಡದೆ ಬರೆಯೋ ಪರೀಕ್ಷೆ ಇದು.

(4/7)
‘ಅಯ್ಯೋ, ಸಂಪ್ರದಾಯ ಹಾಗೇ ಇದೆ’ ಅನ್ನೋರಿಗೆ ನಮ್ಮ ಊರಿನದ್ದೇ ಒಂದು ಕಥೆ.
ತಿರುಮಕೂಡಲಿನಲ್ಲಿ ಹುಟ್ಟಿದ ಟಿ. ಚೌಡಯ್ಯ (1895–1967), ಬಿಡಾರಂ ಕೃಷ್ಣಪ್ಪನವರ ಶಿಷ್ಯ. ಮೈಕ್ ಕಾಲಕ್ಕೆ ಮುಂಚೆ ಹಿಂದಿನ ಸಾಲಿಗೂ ಕೇಳಿಸಲಿ ಅಂತ ವಯೊಲಿನ್‌ಗೆ ಮೂರು ತಂತಿ ಜಾಸ್ತಿ ಹಾಕಿ ಏಳು ತಂತಿ ಮಾಡ್ಕೊಂಡ್ರು. ಅಂಥವರು ಜೀವನಪೂರ್ತಿ ದೊಡ್ಡ ದೊಡ್ಡ ಗಾಯಕರ ಪಕ್ಕ ಕೂತು ನುಡಿಸಿದ್ರು. 1957ರಲ್ಲಿ ಮದ್ರಾಸ್ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಬಂತು. 1980ರಲ್ಲಿ ಬೆಂಗಳೂರಲ್ಲಿ ಅವರ ಹೆಸರಿನ ಸಭಾಂಗಣ ತೆರೀತು, ಇಡೀ ಕಟ್ಟಡವೇ ವಯೊಲಿನ್ ಆಕಾರ, ಬಿರಡೆ, ತಂತಿ, ಕಮಾನು ಸಮೇತ.
ಎಂಥ ವಿಚಿತ್ರ ನೋಡಿ. ಪಕ್ಕವಾದ್ಯದವರಿಗೆ ಕಟ್ಟಡ ಕಟ್ಟೋಕೆ ಬರುತ್ತೆ, ಪೋಸ್ಟರಲ್ಲಿ ಹೆಸರು ಹಾಕೋಕೆ ಬರಲ್ಲ!
ಇನ್ನೊಂದು ವಿಷಯ. ಎಂ.ಎಲ್. ವಸಂತಕುಮಾರಿಯವರ ಪಕ್ಕ ವರ್ಷಗಟ್ಟಲೆ ನುಡಿಸಿದ ಎ. ಕನ್ಯಾಕುಮಾರಿ 2016ರಲ್ಲಿ ಸಂಗೀತ ಕಲಾನಿಧಿ ಪಡೆದ್ರು. ಈ ಬಿರುದು ಪಡೆದ ಮೊದಲ ಮಹಿಳಾ ವಯೊಲಿನ್ ವಾದಕಿ. ಚೌಡಯ್ಯನವರಿಂದ ಅಲ್ಲಿಗೆ 59 ವರ್ಷ. ಸಂಪ್ರದಾಯ ಬದಲಾಗುತ್ತೆ ಗೆಳೆಯರೇ, ಯಾರಾದ್ರೂ ತಳ್ಳಿದ್ರೆ.

(5/7)
ಈಗ ದುಡ್ಡು. ‘ಕಲೆ ಬಗ್ಗೆ ಮಾತಾಡ್ತಾ ದುಡ್ಡಾ?’ ಅಂತ ಮೂಗು ಮುರಿಯೋರು ಇಲ್ಲೇ ಇಳ್ಕೊಳ್ಳಿ.
ಒಬ್ಬ ಸಂಘಟಕರು ಕಛೇರಿ ಮುಗಿದ ಮೇಲೆ ನನಗೊಂದು ಶಾಲು, ಹಣ್ಣಿನ ತಟ್ಟೆ, ಒಂದು ಕವರ್ ಕೊಟ್ರು. ಕವರಲ್ಲಿದ್ದದ್ದು ಹೋಗಿಬರೋ ಬಸ್ ಚಾರ್ಜಿಗೂ ಸಾಕಾಗ್ಲಿಲ್ಲ. ಕೇಳಿದ್ದಕ್ಕೆ, ‘ಇಂಥವರ ಜೊತೆ ನುಡಿಸೋ ಅವಕಾಶ ಸಿಕ್ತಲ್ಲಮ್ಮ, ಎಕ್ಸ್‌ಪೋಷರ್’ ಅಂದ್ರು. ಸೌಂಡ್ ಸಿಸ್ಟಂನವರಿಗೆ ಎಕ್ಸ್‌ಪೋಷರ್ ಕೊಟ್ರಾ? ಹೂವಿನವರಿಗೆ? ಅಡುಗೆಯವರಿಗೆ? ಅವರಿಗೆಲ್ಲ ಮೊದಲೇ ರೇಟ್ ಮಾತಾಡಿ ಅಡ್ವಾನ್ಸ್ ಕೊಟ್ಟಿರ್ತಾರೆ. ಎಕ್ಸ್‌ಪೋಷರ್ ತಗೊಂಡು ತಂತಿ ಅಂಗಡಿಗೆ ಹೋಗಿ ನೋಡಿ, ಏನ್ ಕೊಡ್ತಾರೆ ಅಂತ. ಶಾಲಂತೂ ನಮ್ಮನೆ ಬೀರು ತುಂಬಿ ಹೋಗಿದೆ.

(6/7)
‘ಜನ ಬರೋದು ಗಾಯಕರನ್ನ ಕೇಳೋಕೆ, ವಯೊಲಿನ್‌ಗಲ್ಲ.’ ಈ ವಾದ ಪೂರ್ತಿ ಸುಳ್ಳಲ್ಲ. ಹಾಲ್ ತುಂಬಿಸೋದು ಬಹುಪಾಲು ಗಾಯಕರ ಹೆಸರೇ. ಅವರಿಗೆ ಜಾಸ್ತಿ ಕೊಡಿ, ಫೋಟೊ ದೊಡ್ಡದಾಗಿ ಹಾಕಿ, ನನ್ನ ತಕರಾರಿಲ್ಲ. ಸಮಾನ ಸಂಭಾವನೆ ಕೇಳ್ತಿಲ್ಲ ನಾನು. ಕೇಳ್ತಿರೋದು ಎಷ್ಟು ಅಂತ ಮೊದಲೇ ಹೇಳಿ, ಪ್ರಯಾಣದ ಖರ್ಚು ಬೇರೆ ಕೊಡಿ, ಹೆಸರು ತಪ್ಪಿಲ್ಲದೆ ಹಾಕಿ. ಇಷ್ಟೇ. ಇದು ದುರಹಂಕಾರ ಅನ್ನಿಸಿದ್ರೆ, ವಯೊಲಿನ್ ಇಲ್ಲದೆ ಒಂದು ಕಛೇರಿ ಮಾಡಿ ನೋಡಿ. ಆಲಾಪನೆ ಮಧ್ಯೆ ಗಾಯಕರು ಉಸಿರು ತಗೊಂಡಾಗ ಉಳಿಯೋ ಖಾಲಿತನ ನಿಮಗೇ ಕೇಳ್ಸುತ್ತೆ.
ಗಾಯಕರೇ, ನಿಮಗೂ ಒಂದು ಮಾತು. ಸಂಘಟಕರು ನಿಮ್ಮ ಮಾತು ಕೇಳ್ತಾರೆ, ನಮ್ಮದಲ್ಲ. ಪೋಸ್ಟರ್ ಡ್ರಾಫ್ಟ್ ನಿಮಗೆ ಬಂದಾಗ ‘ಪಕ್ಕವಾದ್ಯದವರ ಹೆಸರೆಲ್ಲಿ?’ ಅಂತ ಒಂದು ಸಾಲು ಟೈಪ್ ಮಾಡೋಕೆ ಎಷ್ಟು ಹೊತ್ತು?

(7/7)
ಇದನ್ನ ಈಗ ಯಾಕೆ ಬರೀತಿದ್ದೀನಿ ಅಂದ್ರೆ, ನನ್ನ ಜೊತೆ ಕಲಿತವರು ಒಬ್ಬೊಬ್ಬರಾಗಿ ಕೇಸ್ ಮುಚ್ಚಿ ಅಟ್ಟದ ಮೇಲೆ ಇಡ್ತಿದ್ದಾರೆ. ಕೈ ಚೆನ್ನಾಗಿಲ್ಲ ಅಂತಲ್ಲ. ‘ಇದರಲ್ಲಿ ಬದುಕೋಕಾಗಲ್ಲ’ ಅಂತ. ಹತ್ತು-ಹದಿನೈದು ವರ್ಷದ ಸಾಧನೆ ಅಟ್ಟಕ್ಕೆ ಹೋಗ್ತಿದೆ.
ಕ್ಲಾಸ್‌ಮೇಟ್ಸ್, ನಾವು ಮಾಡಬಹುದಾದ್ದು ಇದು. ಕಾಲೇಜು ಫೆಸ್ಟ್ ಪೋಸ್ಟರ್ ಮಾಡೋದು ನೀವೇ ತಾನೇ? ಎಲ್ಲರ ಹೆಸರು ಹಾಕಿ. ರೀಲ್ಸ್ ಹಾಕುವಾಗ ವಯೊಲಿನ್, ಮೃದಂಗ, ಘಟದವರನ್ನೂ ಟ್ಯಾಗ್ ಮಾಡಿ. ಕಛೇರಿ ಒಪ್ಪಿಕೊಳ್ಳೋ ಮುಂಚೆ ಸಂಭಾವನೆ, ಟಿಕೆಟ್, ಊಟ, ವಸತಿ ನಾಲ್ಕನ್ನೂ ಮೆಸೇಜಲ್ಲಿ ಬರೆಸ್ಕೊಳ್ಳಿ. ಒಬ್ಬರು ಪುಕ್ಕಟೆಗೆ ಒಲ್ಲೆ ಅಂದ ಕಛೇರಿಗೆ ಇನ್ನೊಬ್ಬರು ಪುಕ್ಕಟೆಗೆ ಓಡಿಹೋಗಬೇಡಿ, ಇದು ಎಲ್ಲಕ್ಕಿಂತ ಮುಖ್ಯ.
ನೀವು ಇತ್ತೀಚೆಗೆ ಕೇಳಿದ ಕಛೇರಿಯ ವಯೊಲಿನ್ ವಾದಕರ ಹೆಸರು ಕಾಮೆಂಟಲ್ಲಿ ಹಾಕಿ. ನೆನಪಾಗ್ಲಿಲ್ವಾ? ಪೋಸ್ಟರ್ ಹುಡುಕಿ. ಅದರಲ್ಲೂ ಇಲ್ಲದಿದ್ರೆ ಸಂಘಟಕರಿಗೇ ಮೆಸೇಜ್ ಮಾಡಿ ಕೇಳಿ.

#ಪಕ್ಕವಾದ್ಯ #ವಯೊಲಿನ್ #ಕರ್ನಾಟಕಸಂಗೀತ #ಹೆಸರುಹಾಕಿ