ಸಂಬಳ ಕೇಳಿದಿರಿ, ಖರ್ಚು ಕೇಳಿದಿರಾ?



ನಮ್ಮ ಕರಾವಳಿಯ ಮನೆಗಳಲ್ಲಿ ಗಲ್ಫ್‌ನ ಲೆಕ್ಕ ಎಲ್ಲರಿಗೂ ಬಾಯಿಪಾಠ. ದಿರ್ಹಮ್‌ಗೆ ಎಷ್ಟು, ರಿಯಾಲ್‌ಗೆ ಎಷ್ಟು ಎಂದು ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ಹೇಳಬಲ್ಲರು. ಈಗ ಕೆಲವು ಮನೆಗಳಲ್ಲಿ ಇನ್ನೊಂದು ನಾಣ್ಯದ ಹೆಸರು ಕೇಳಿ ಬರುತ್ತಿದೆ. ಅದು ರುಫಿಯಾ, ಮಾಲ್ದೀವ್ಸ್ ದ್ವೀಪಗಳ ನಾಣ್ಯ. ಬಿ.ಎಡ್. ಮುಗಿಸಿದ ಮಗನಿಗೆ, ಗಣಿತ ಅಥವಾ ಇಂಗ್ಲಿಷ್ ಕಲಿಸುವ ಸೊಸೆಗೆ, ನರ್ಸಿಂಗ್ ಕಲಿತ ಮಗಳಿಗೆ ಅಲ್ಲಿ ಕೆಲಸವಿದೆಯಂತೆ ಎಂಬ ಸುದ್ದಿ ಬರುತ್ತದೆ. ಸುದ್ದಿಯ ಹಿಂದೆಯೇ ಮೊದಲ ಪ್ರಶ್ನೆ ಬರುತ್ತದೆ: "ಸಂಬಳ ಎಷ್ಟು?" ಎರಡನೆಯ ಪ್ರಶ್ನೆ ಬರುವುದೇ ಇಲ್ಲ. ಆ ಎರಡನೆಯ ಪ್ರಶ್ನೆಯ ಬಗ್ಗೆಯೇ ಈ ತಿಂಗಳು ನಿಮ್ಮೊಂದಿಗೆ ಮಾತನಾಡಬೇಕೆಂದಿದ್ದೇನೆ.

ಮಾಲ್ದೀವ್ಸ್ ನಮಗೆ ದೂರದ ದೇಶವಲ್ಲ. ತಿರುವನಂತಪುರದಿಂದ ವಿಮಾನ ಹತ್ತಿದರೆ ಒಂದೂಕಾಲು ಗಂಟೆಯ ಆಸುಪಾಸಿನಲ್ಲಿ ಮಾಲೆ ತಲಪುತ್ತದೆ. ಸುಮಾರು 1,190 ದ್ವೀಪಗಳಿರುವ ದೇಶ. ಅವುಗಳಲ್ಲಿ ಊರಿನ ಜನ ನೆಲೆಸಿರುವುದು ಇನ್ನೂರಕ್ಕಿಂತ ಕಡಿಮೆ ದ್ವೀಪಗಳಲ್ಲಿ. 2022ರ ಜನಗಣತಿಯ ಪ್ರಕಾರ ಒಟ್ಟು ಜನಸಂಖ್ಯೆ ಸುಮಾರು 5 ಲಕ್ಷದ 15 ಸಾವಿರ. ಅದರಲ್ಲಿ ನಾಲ್ವರಲ್ಲಿ ಒಬ್ಬರು ವಿದೇಶೀಯರು. ಕಟ್ಟಡ ಕೆಲಸಕ್ಕೆ ಹೆಚ್ಚಾಗಿ ಬಾಂಗ್ಲಾದೇಶದವರು, ಶಾಲೆ ಮತ್ತು ಆಸ್ಪತ್ರೆಗಳಿಗೆ ಭಾರತದವರು, ಅದರಲ್ಲೂ ಕೇರಳ, ತಮಿಳುನಾಡಿನವರು ಬಹಳ ಮಂದಿ.

ಇದು ಇಂದು ನಿನ್ನೆಯ ಸಂಬಂಧವೂ ಅಲ್ಲ. ಪ್ರಖ್ಯಾತ ಪ್ರವಾಸಿ ಇಬ್ನ್ ಬತೂತಾ ನಮ್ಮ ಹೊನ್ನಾವರ, ಮಂಗಳೂರುಗಳನ್ನೆಲ್ಲ ಕಂಡು, 1343ರ ಸುಮಾರಿಗೆ ಮಾಲ್ದೀವ್ಸ್‌ಗೆ ಹೋಗಿ ಅಲ್ಲಿ ಕಾಝಿಯಾಗಿ ಕೆಲಸ ಮಾಡಿದ್ದರು. ಆಗ ಅಲ್ಲಿ ಕವಡೆಯೇ ಹಣ. ದ್ವೀಪದವರು ಬಂಗಾಳದವರಿಗೆ ಕವಡೆ ಕೊಟ್ಟು ಅಕ್ಕಿ ಪಡೆಯುತ್ತಿದ್ದರೆಂದು ಅವರು ಬರೆದಿದ್ದಾರೆ. ಗಮನಿಸಿ, ಸುಮಾರು ಏಳುನೂರು ವರ್ಷಗಳ ಹಿಂದೆಯೂ ಅಲ್ಲಿ ಅನ್ನ ಹಡಗಿನಲ್ಲೇ ಬರುತ್ತಿತ್ತು. ಇಂದೂ ಅಷ್ಟೇ. ಅಲ್ಲಿಯ ಖರ್ಚು ಏಕೆ ಹೆಚ್ಚು ಎಂಬುದಕ್ಕೆ ಮುಖ್ಯ ಉತ್ತರ ಇದರಲ್ಲೇ ಇದೆ.

ಅಲ್ಲಿಯ ನೆಲ ಹವಳದ ಮರಳು. ಮೀನು, ತೆಂಗು ಹೇರಳ. ಬಾಳೆ, ಪಪ್ಪಾಯಿ, ಒಂದಿಷ್ಟು ಗೆಡ್ಡೆ ಗೆಣಸು ಬೆಳೆಯುತ್ತದೆ. ಅಕ್ಕಿ, ಗೋಧಿಹಿಟ್ಟು, ಸಕ್ಕರೆ, ಬೇಳೆ, ನೀರುಳ್ಳಿ, ಬಟಾಟೆ ಎಲ್ಲವೂ ಹೊರಗಿನಿಂದ ಬರಬೇಕು. 1981ರ ವ್ಯಾಪಾರ ಒಪ್ಪಂದದಂತೆ ನಮ್ಮ ದೇಶ ಪ್ರತಿ ವರ್ಷ ಇಂತಿಷ್ಟು ಅಕ್ಕಿ, ನೀರುಳ್ಳಿ, ಮೊಟ್ಟೆ, ಸಕ್ಕರೆಯನ್ನು ಅವರಿಗೆ ಕಳುಹಿಸಲು ಅವಕಾಶ ಕೊಡುತ್ತದೆ. ನಮ್ಮಲ್ಲಿ ರಫ್ತು ನಿಷೇಧವಿದ್ದಾಗಲೂ ಅವರಿಗೆ ವಿನಾಯಿತಿ ಇರುತ್ತದೆ. ಆದರೆ ಆ ಸಾಮಾನು ಮೊದಲು ಮಾಲೆಗೆ ಬಂದು, ಅಲ್ಲಿಂದ ದೋಣಿ ಹತ್ತಿ ದೂರದ ದ್ವೀಪ ಸೇರಬೇಕು. ಪ್ರತಿ ಮೆಟ್ಟಿಲಲ್ಲೂ ಬೆಲೆ ಏರುತ್ತದೆ. ಮಳೆಗಾಲದಲ್ಲಿ ಕಡಲು ಕೆರಳಿ ದೋಣಿ ನಿಂತರೆ ಸಣ್ಣ ದ್ವೀಪದ ಅಂಗಡಿಯಲ್ಲಿ ತರಕಾರಿಯ ಬುಟ್ಟಿ ಖಾಲಿ. ದುಡ್ಡಿದ್ದರೂ ಟೊಮೆಟೊ ಇರುವುದಿಲ್ಲ. ಹಾಗಾಗಿ ಅಲ್ಲಿ ಮಿತವಾಗಿ ಬದುಕುವವರ ಊಟ ಅನ್ನ, ರೊಟ್ಟಿ, ಟ್ಯೂನಾ ಮೀನು. ಊರಿನಂತೆ ದಿನಕ್ಕೊಂದು ತರಕಾರಿಯ ಪಲ್ಯ ಬೇಕೆನ್ನುವವರ ಊಟದ ಖರ್ಚು ಏರುತ್ತಲೇ ಹೋಗುತ್ತದೆ. ಅಗತ್ಯ ವಸ್ತುಗಳಿಗೆ ವಿನಾಯಿತಿ ಇದ್ದರೂ ಉಳಿದ ಸಾಮಾನುಗಳ ಮೇಲೆ 2023ರಿಂದ ಶೇ. 8ರಷ್ಟು ಜಿಎಸ್‌ಟಿ ಇದೆ.

ಇನ್ನು ಮನೆ ಬಾಡಿಗೆ. ರಾಜಧಾನಿ ಮಾಲೆಯ ಮೂಲ ದ್ವೀಪದ ವಿಸ್ತೀರ್ಣ ಸುಮಾರು ಎರಡು ಚದರ ಕಿಲೋಮೀಟರ್ ಮಾತ್ರ. ಅಷ್ಟರಲ್ಲಿ ಲಕ್ಷಕ್ಕೂ ಮಿಕ್ಕಿ ಜನ. ಇಕ್ಕಟ್ಟು ತಾಳಲಾರದೆ ಸರಕಾರ 1997ರಲ್ಲಿ ಸಮುದ್ರಕ್ಕೆ ಮರಳು ತುಂಬಿಸಿ ಹುಲುಮಾಲೆ ಎಂಬ ಹೊಸ ದ್ವೀಪವನ್ನೇ ಕಟ್ಟಲು ತೊಡಗಿತು. 2018ರಲ್ಲಿ ಸೇತುವೆಯೂ ಬಂತು. ಆದರೂ ಮಾಲೆಯಲ್ಲಿ ಎರಡು ಕೋಣೆಯ ಫ್ಲ್ಯಾಟ್ ತಿಂಗಳಿಗೆ 15,000 ರುಫಿಯಾಕ್ಕಿಂತ ಕಡಿಮೆಗೆ ಸಿಗುವುದು ಕಷ್ಟ. ಒಂಟಿಯಾಗಿ ಹೋದವರು ಒಂದು ಕೋಣೆ ಹಿಡಿಯುತ್ತಾರೆ ಅಥವಾ ಮೂರು ನಾಲ್ಕು ಮಂದಿ ಸೇರಿ ಒಂದು ಫ್ಲ್ಯಾಟ್ ಹಂಚಿಕೊಳ್ಳುತ್ತಾರೆ. ದೂರದ ದ್ವೀಪಗಳಲ್ಲಿ ಬಾಡಿಗೆ ಬಹಳ ಕಡಿಮೆ, ಅನೇಕ ಕಡೆ ಶಿಕ್ಷಕರಿಗೆ ಉಳಿದುಕೊಳ್ಳುವ ವ್ಯವಸ್ಥೆಯನ್ನೂ ಮಾಡುತ್ತಾರೆ.

ನೀರು, ಕರೆಂಟು ಕೂಡ ನಮ್ಮಲ್ಲಿಯಂತಲ್ಲ. ಬಾವಿಯ ನೀರು ಕುಡಿಯಲು ಆಗುವುದಿಲ್ಲ. ಮಾಲೆಯಲ್ಲಿ ಸಮುದ್ರದ ನೀರಿನಿಂದ ಉಪ್ಪು ಬೇರ್ಪಡಿಸಿ ನಲ್ಲಿಗೆ ಬಿಡುತ್ತಾರೆ. 2014ರ ಡಿಸೆಂಬರ್‌ನಲ್ಲಿ ಆ ಘಟಕಕ್ಕೆ ಬೆಂಕಿ ಬಿದ್ದಾಗ ಇಡೀ ಮಾಲೆ ನೀರಿಲ್ಲದೆ ಕುಳಿತಿತ್ತು. ಆಗ ಭಾರತವೇ ವಿಮಾನ, ಹಡಗುಗಳಲ್ಲಿ ನೀರು ಕಳುಹಿಸಿತು. ಕರೆಂಟು ಹೆಚ್ಚಾಗಿ ಡೀಸೆಲ್ ಸುಟ್ಟು ಮಾಡುವುದು. ಬಳಸಿದಷ್ಟೂ ಯುನಿಟ್ ದರ ಏರುತ್ತದೆ. ರಾತ್ರಿಯಿಡೀ ಏಸಿ ಹಾಕಿ ಮಲಗುವ ಅಭ್ಯಾಸ ಮಾಡಿಕೊಂಡರೆ ಬಿಲ್ಲು ನೋಡುವಾಗ ಎಚ್ಚರವಾಗುತ್ತದೆ.

ಸಹೋದರಿಯರೇ, ಈಗ ಒಂದು ಪೆನ್ನು, ಒಂದು ಕಾಗದ ತೆಗೆದುಕೊಳ್ಳಿ. ಉದಾಹರಣೆಗೆ ಒಬ್ಬರ ಸಂಬಳ ತಿಂಗಳಿಗೆ 15,000 ರುಫಿಯಾ ಎಂದಿಟ್ಟುಕೊಳ್ಳೋಣ. ಲೆಕ್ಕದ ಅನುಕೂಲಕ್ಕಾಗಿ ಒಂದು ರುಫಿಯಾಕ್ಕೆ ಐದೂವರೆ ರೂಪಾಯಿ. ಗುಣಿಸಿದರೆ 82,500 ರೂಪಾಯಿ. ಮನೆಯವರ ಕಿವಿಗೆ ಬೀಳುವುದು ಈ ಸಂಖ್ಯೆ. ಮದುವೆ ದಲ್ಲಾಳಿಯ ಬಾಯಿಯಲ್ಲಿ ಓಡಾಡುವುದೂ ಇದೇ ಸಂಖ್ಯೆ.

ಅವರು ಮಾಲೆಯಲ್ಲಿ ಸ್ವಂತ ಖರ್ಚಿನಲ್ಲಿ ಇದ್ದಾರೆನ್ನಿ. ಕೋಣೆಗೆ 6,000, ಊಟಕ್ಕೆ 3,500, ಕರೆಂಟು ನೀರಿಗೆ 900, ಫೋನು ಇಂಟರ್‌ನೆಟ್‌ಗೆ 500, ಓಡಾಟಕ್ಕೆ 300, ಮದ್ದು, ಸೋಪು, ಬಟ್ಟೆಗೆ 600. ಒಟ್ಟು 11,800. ಉಳಿಯುವುದು 3,200 ರುಫಿಯಾ, ಅಂದರೆ 17,600 ರೂಪಾಯಿ.

ಅದೇ ಸಂಬಳದಲ್ಲಿ ಇನ್ನೊಬ್ಬರು ದೂರದ ದ್ವೀಪದ ಶಾಲೆಯಲ್ಲಿದ್ದಾರೆನ್ನಿ. ಕೋಣೆ ಶಾಲೆಯವರದ್ದು. ಊಟಕ್ಕೆ ಸ್ವಲ್ಪ ಹೆಚ್ಚು, 4,000. ಕರೆಂಟು ನೀರಿಗೆ 500, ಫೋನಿಗೆ 500, ಆಗೊಮ್ಮೆ ಈಗೊಮ್ಮೆ ಮಾಲೆಗೆ ಹೋಗಿ ಬರಲು ತಿಂಗಳಿಗೆ 500 ತೆಗೆದಿಡಬೇಕು, ಇತರ ಖರ್ಚಿಗೆ 500. ಒಟ್ಟು 6,000. ಉಳಿಯುವುದು 9,000 ರುಫಿಯಾ, ಅಂದರೆ 49,500 ರೂಪಾಯಿ.

ಈ ಅಂಕಿಗಳು ಲೆಕ್ಕದ ದಾರಿ ತೋರಿಸಲು ಮಾತ್ರ, ನಿಮ್ಮ ಮನೆಯವರ ಅಂಕಿಗಳನ್ನು ನೀವೇ ತುಂಬಿಕೊಳ್ಳಬೇಕು. ಆದರೆ ಒಂದು ಮಾತು ಸ್ಪಷ್ಟವಾಯಿತಲ್ಲವೇ? ಸಂಬಳ ಒಂದೇ, ದೇಶ ಒಂದೇ, ಉಳಿತಾಯದಲ್ಲಿ ಸುಮಾರು 32 ಸಾವಿರ ರೂಪಾಯಿಯ ವ್ಯತ್ಯಾಸ. ಅದನ್ನು ತೀರ್ಮಾನಿಸಿದ್ದು ಮುಖ್ಯವಾಗಿ ಕೋಣೆಯ ಬಾಡಿಗೆ. ಹೆಂಡತಿ ಮಕ್ಕಳನ್ನೂ ಕರೆಸಿಕೊಂಡು ಮಾಲೆಯಲ್ಲಿ ಫ್ಲ್ಯಾಟ್ ಹಿಡಿದರೆ ಇಡೀ ಸಂಬಳ ಬಾಡಿಗೆಗೇ ಸರಿ. ಆದ್ದರಿಂದ 12,000 ಸಂಬಳ ಮತ್ತು ಕೋಣೆ ಎಂದರೆ, ಕೋಣೆಯಿಲ್ಲದ 15,000ಕ್ಕಿಂತ ಒಳ್ಳೆಯ ಕೆಲಸ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಉಳಿದದ್ದೆಲ್ಲ ಊರಿಗೆ ಬರುತ್ತದೆಯೇ? ಗಲ್ಫ್‌ನಲ್ಲಿ ಎಕ್ಸ್‌ಚೇಂಜ್‌ಗೆ ಹೋಗಿ ಹಣ ಕಟ್ಟಿದರೆ ಮುಗಿಯಿತು. ಮಾಲ್ದೀವ್ಸ್‌ನಲ್ಲಿ ಹಾಗಲ್ಲ. ರುಫಿಯಾವನ್ನು ಡಾಲರ್ ಮಾಡಿ ಕಳುಹಿಸಬೇಕು, ಮತ್ತು ಆ ದೇಶದಲ್ಲಿ ಡಾಲರ್‌ನ ಕೊರತೆ ಹಳೆಯ ಕಾಯಿಲೆ. ಅಧಿಕೃತ ದರ ಡಾಲರಿಗೆ 15.42 ರುಫಿಯಾ. ಆದರೆ ಬ್ಯಾಂಕು ಒಬ್ಬರಿಗೆ ತಿಂಗಳಿಗೆ ಇಷ್ಟೇ ಎಂದು ಮಿತಿ ಹಾಕುತ್ತದೆ, ಆ ಮಿತಿಯೂ ಆಗಾಗ ಬದಲಾಗುತ್ತದೆ. ಮಿತಿ ಮೀರಿದ್ದಕ್ಕೆ ಜನ ಹೊರಗಡೆ ಹೆಚ್ಚು ಕೊಟ್ಟು ಡಾಲರ್ ಕೊಳ್ಳುತ್ತಾರೆ. ಹೊರಗಡೆ 20 ರುಫಿಯಾ ಕೊಡಬೇಕಾಗಿ ಬಂದರೆ ನಮ್ಮ ಆ 9,000 ರುಫಿಯಾಕ್ಕೆ 583 ಡಾಲರ್ ಸಿಗುವ ಬದಲು 450 ಡಾಲರ್ ಮಾತ್ರ ಸಿಗುತ್ತದೆ. 49,500 ಎಂದುಕೊಂಡದ್ದು 38 ಸಾವಿರದ ಆಸುಪಾಸಿಗೆ ಇಳಿಯುತ್ತದೆ. ಪರವಾನಗಿ ಇಲ್ಲದವರ ಕೈಯಲ್ಲಿ ಹಣ ಬದಲಿಸುವುದು, ಹುಂಡಿಯಲ್ಲಿ ಕಳುಹಿಸುವುದು ಕಾನೂನಿಗೂ ವಿರುದ್ಧ. ಹಣ ಮುಳುಗಿದರೆ ಕೇಳುವವರೂ ಇಲ್ಲ. ಹಿಂದೊಮ್ಮೆ, 2016ರಿಂದ 2019ರ ಕೊನೆಯವರೆಗೆ, ವಿದೇಶೀಯರು ಊರಿಗೆ ಕಳುಹಿಸುವ ಹಣದ ಮೇಲೆ ಶೇ. 3 ತೆರಿಗೆಯೂ ಇತ್ತು. ನಿಯಮಗಳು ಬದಲಾಗುತ್ತಲೇ ಇರುತ್ತವೆ ಎಂಬುದಕ್ಕೆ ಇದನ್ನು ಹೇಳಿದೆ.

"ಅದು ಮುಸ್ಲಿಮ್ ದೇಶ, ನಮ್ಮವರೇ" ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಮಸೀದಿ, ಹಲಾಲ್ ಊಟ, ಶುಕ್ರವಾರದ ರಜೆ ಇದೆ, ಅಲ್‌ಹಮ್ದುಲಿಲ್ಲಾಹ್. ಆದರೆ ಬಾಡಿಗೆ ಚೀಟಿಯಲ್ಲಿ, ಆಸ್ಪತ್ರೆಯ ಕೌಂಟರಿನಲ್ಲಿ ನೀವು ವಿದೇಶೀಯರೇ. 2012ರಲ್ಲಿ ಆರಂಭವಾದ ಆಸಂಧಾ ಎಂಬ ಉಚಿತ ಚಿಕಿತ್ಸೆಯ ಯೋಜನೆ ಆ ದೇಶದ ಪ್ರಜೆಗಳಿಗೆ ಮಾತ್ರ. ದ್ವೀಪಗಳ ನಡುವಿನ ವಿಮಾನದಲ್ಲೂ ಅವರಿಗೊಂದು ದರ, ನಮಗೊಂದು ದರ.

ಆದ್ದರಿಂದ ಹೊರಡುವ ಮೊದಲು ಈ ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆಯಿರಿ. ಕೆಲಸ ಯಾವ ದ್ವೀಪದಲ್ಲಿ, ದ್ವೀಪದ ಹೆಸರೇನು? ಕೋಣೆ ಯಾರದ್ದು, ಕರೆಂಟು ನೀರಿನ ಬಿಲ್ಲು ಯಾರದ್ದು? ಸಂಬಳ ರುಫಿಯಾದಲ್ಲೋ ಡಾಲರ್‌ನಲ್ಲೋ? ವರ್ಷಕ್ಕೊಮ್ಮೆ ಊರಿಗೆ ಬರುವ ಟಿಕೆಟ್, ಆರೋಗ್ಯ ವಿಮೆ, ವರ್ಕ್ ಪರ್ಮಿಟ್‌ನ ಶುಲ್ಕ ಯಾರು ಕೊಡುತ್ತಾರೆ? ಶಾಲಾ ರಜೆಯ ತಿಂಗಳಲ್ಲಿ ಸಂಬಳ ಇದೆಯೇ? ಅಲ್ಲಿಗೆ ಪ್ರವಾಸಿಗರಾಗಿ ಇಳಿಯಲು ಮೊದಲೇ ವೀಸಾ ಬೇಡ. "ಈಗ ಹಾಗೇ ಹೋಗಿ, ಅಲ್ಲಿ ಹೋದ ಮೇಲೆ ಪರ್ಮಿಟ್ ಮಾಡಿಸುತ್ತೇವೆ" ಎನ್ನುವ ಏಜೆಂಟನಿಂದ ದೂರವಿರಿ. ಪ್ರವಾಸಿಯಾಗಿ ಹೋಗಿ ಕೆಲಸ ಮಾಡುವುದು ಅಪರಾಧ.

ಕೊನೆಯ ಮಾತು ಇಲ್ಲಿ ಮನೆಯಲ್ಲಿ ಉಳಿಯುವ ನಮಗೆ. 82,500 ಎಂಬ ಸಂಖ್ಯೆಯನ್ನು ನಂಬಿ ಇಲ್ಲಿ ಮನೆಯ ಅಡಿಪಾಯ ಹಾಕಿದವರು, ಚಿನ್ನ ಅಡವಿಟ್ಟವರು, ಚಿಟ್‌ಫಂಡಿಗೆ ಸೇರಿದವರು ಇದ್ದಾರೆ. ಆ ಕಂತುಗಳ ಭಾರ ಬೀಳುವುದು ಅಲ್ಲಿರುವವನ ತಟ್ಟೆಯ ಮೇಲೆ. ಅವನು ಮೊದಲು ತರಕಾರಿ ಬಿಡುತ್ತಾನೆ, ಆಮೇಲೆ ವೈದ್ಯರ ಬಳಿ ಹೋಗುವುದನ್ನು ಮುಂದೂಡುತ್ತಾನೆ, ಕೊನೆಗೆ ಊರಿಗೆ ಬರುವುದನ್ನೂ. ಫೋನಿನಲ್ಲಿ ಮಾತ್ರ "ಆರಾಮವಾಗಿದ್ದೇನೆ" ಎನ್ನುತ್ತಾನೆ. ಹೋದವಳು ಮಗಳೋ ಸೊಸೆಯೋ ಆಗಿದ್ದರೆ ಇನ್ನೂ ಮೌನ.

ಆದ್ದರಿಂದ ಮೊದಲ ಮೂರು ತಿಂಗಳು ಯಾವ ಹೊಸ ಕಂತನ್ನೂ ಕಟ್ಟಬೇಡಿ. ಅಲ್ಲಿಂದ ನಿಜವಾಗಿ ಎಷ್ಟು ಬಂದು ಕೈ ಸೇರುತ್ತದೆ ಎಂದು ನೋಡಿ, ಅದರ ಮೇಲೆ ಇಲ್ಲಿಯ ಬಜೆಟ್ ಹಾಕಿ. ಮತ್ತು ಮುಂದಿನ ಸಲ ಫೋನು ಬಂದಾಗ "ಎಷ್ಟು ಕಳುಹಿಸಿದೆ" ಎಂದು ಕೇಳುವ ಮೊದಲು "ಈ ತಿಂಗಳು ಅಲ್ಲಿ ಎಷ್ಟು ಖರ್ಚಾಯಿತು, ಏನು ಊಟ ಮಾಡಿದೆ" ಎಂದು ಕೇಳಿ. ಆ ಪ್ರಶ್ನೆಗೆ ಅವರು ಸತ್ಯವಾದ ಉತ್ತರ ಕೊಡುವ ಧೈರ್ಯ ಬರುವಂತೆ ಕೇಳಿ. ದೂರ ಹೋದವರ ದುಡಿಮೆಯಲ್ಲಿ ಅಲ್ಲಾಹನು ಬರಕತ್ ನೀಡಲಿ.